ಬಿಳಿ ತಂತಿ: ಮದುವೆಗೆ ಸರಿ, ಚಕ್ಕುಲಿಗೆ ಅಲ್ಲ

ಅಕ್ಕನ ಮಗಳ ಮದುವೆಗೆ ಹತ್ತು ದಿನ ಇತ್ತು. ಫೋಟೊದಲ್ಲಿ ಹಲ್ಲಿನ ಕ್ಲಿಪ್‌ನ ತಂತಿ ಮಿಂಚಬಾರದು ಅಂತ ಸೆರಾಮಿಕ್ ಬ್ರಾಕೆಟ್ (ತಂತಿ ಹಿಡಿದಿಡಲು ಹಲ್ಲಿಗೆ ಅಂಟಿಸುವ ಪುಟ್ಟ ತುಂಡು) ಜೊತೆ ಹಲ್ಲಿನ ಬಣ್ಣದ ತಂತಿ ಹಾಕಿಸಿಕೊಂಡೆ. ಒಳಗಿರುವುದು ಮಾಮೂಲಿ ತಂತಿಯ ಅದೇ ನಿಕಲ್-ಟೈಟೇನಿಯಂ ಲೋಹ. ಮೇಲೆ ಬಿಳಿ ಟೆಫ್ಲಾನ್ ಲೇಪ, ಅಷ್ಟೇ. ಮದುವೆ ದಿನ ಸೂಪರ್. ಎರಡಡಿ ದೂರದಿಂದ ಕ್ಲಿಪ್ ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ಮೂರನೇ ವಾರ ಕನ್ನಡಿ ನೋಡಿದರೆ, ಎಡಗಡೆ ಕೋರೆಹಲ್ಲಿನ ಹತ್ತಿರ ಲೇಪ ಈರುಳ್ಳಿ ಸಿಪ್ಪೆಯಂತೆ ಎದ್ದಿತ್ತು. ಬಿಳಿ ತಂತಿ ನಡುವೆ ಬೂದು ಬಣ್ಣದ ತೇಪೆ! ಇದಕ್ಕಿಂತ ಪೂರ್ತಿ ಸ್ಟೀಲೇ ವಾಸಿ ಅನಿಸಿತು. ಬ್ರಷ್ಷನ್ನು ಬೈಯಲಾ, ಮದುವೆ ಮನೆ ಚಕ್ಕುಲಿಯನ್ನಾ? ಇನ್ನು ಅರಿಶಿನ. ತಂತಿಗಿಂತ ಜಾಸ್ತಿ ಹಳದಿಯಾಗಿದ್ದು ಬ್ರಾಕೆಟ್ ಸುತ್ತ ಹಾಕುವ ಪುಟ್ಟ ರಬ್ಬರ್ ಬಳೆಗಳು. ಒಂದು ಚಿತ್ರಾನ್ನ ಸಾಕು. ಅವನ್ನು ಪ್ರತಿ ಭೇಟಿಯಲ್ಲೂ ಬದಲಿಸುತ್ತಾರೆ, ಪರವಾಗಿಲ್ಲ.

ಹಲ್ಲು ಸಾಲಿಗೆ ಬರುವ ಕೆಲಸ ಚೆನ್ನಾಗಿಯೇ ನಡೆಯಿತು. ಆದರೆ ಹಲ್ಲುಗಳ ನಡುವಿನ ಸಂದಿ ಮುಚ್ಚುವ ಹಂತದಲ್ಲಿ ಡಾಕ್ಟರೇ ಸ್ಟೀಲ್ ತಂತಿ ಹಾಕಿದರು. ಲೇಪ ಎದ್ದ ಕಡೆ ಬ್ರಾಕೆಟ್ ಸಲೀಸಾಗಿ ಜಾರುವುದಿಲ್ಲವಂತೆ. ಮದುವೆ, ಇಂಟರ್‌ವ್ಯೂ ಇದ್ದರೆ ಆ ಒಂದು ತಿಂಗಳಿಗೆ ಬಿಳಿ ತಂತಿ ಕೇಳಿ. ಚಕ್ಕುಲಿ ಮಾತ್ರ ದೂರ ಇಡಿ.