ರಾಜರ ರೈಲಿನ ಪಟ ತೋರಿಸಿ ಮುಂಗಡ ಕೇಳಿದರೆ

ಶಿರಸಿ ಸೀಮೆಯ ಹಿರಿಯ ದಂಪತಿಗೆ ಅರವತ್ತರ ಶಾಂತಿಯ ಉಡುಗೊರೆಯೆಂದು ಮಕ್ಕಳು ಹಣ ಕೂಡಿಸಿ ‘ಮಹಾರಾಜರ ರೈಲು’ ಬುಕ್ ಮಾಡಿಸಿದ್ದರು. ಏಜೆಂಟ್ ಕರಾವಳಿಯ ಊರೊಂದರವನು, ಪರಿಚಯದವರ ಪರಿಚಯ. ಅವನ ವಾಟ್ಸಾಪ್ ಸ್ಟೇಟಸ್ಸಿನಲ್ಲಿದ್ದ ಪೋಸ್ಟರಿನಲ್ಲಿ ಪೇಟ ಸುತ್ತಿದ ಪರಿಚಾರಕರು, ರತ್ನಗಂಬಳಿ, ಕಿಟಕಿಯ ಪಕ್ಕ ಜೋಡಿ ಮಂಚ. ದೆಹಲಿಯಲ್ಲಿ ಹತ್ತಿಸಿದ್ದು ಮಾತ್ರ ಒಂದು ಪ್ರವಾಸಿ ವಿಶೇಷ ರೈಲಿನ ಟೂ ಟಯರ್ ಎಸಿ ಡಬ್ಬಿಗೆ. ಮಲಗಲು ಮೇಲೊಂದು ಕೆಳಗೊಂದು ಬರ್ತು, ಸ್ನಾನಕ್ಕೆ ಸರತಿ. ಜಗಳ ಮಾಡೋಣವೆಂದು ರಸೀದಿ ತೆಗೆದು ನೋಡಿದರೆ ಅದರಲ್ಲಿದ್ದದ್ದು ‘ರಾಯಲ್ ರಾಜಸ್ಥಾನ್ ಬೈ ಟ್ರೇನ್, 7 ದಿನ’ ಎಂದಷ್ಟೇ. ರೈಲಿನ ಹೆಸರು ಎಲ್ಲಿಯೂ ಇಲ್ಲ. ಫೋನ್ ಮಾಡಿದ ಮಗನಿಗೆ ಏಜೆಂಟ್ ಹೇಳಿದ್ದು: “ರಾಜಸ್ಥಾನ ತೋರಿಸ್ತಿದ್ದೇವೆ, ರೈಲಲ್ಲೇ ಕರ್ಕೊಂಡು ಹೋಗ್ತಿದ್ದೇವೆ. ಇನ್ನೆಂಥ ತಲೆಬಿಸಿ ಸರ್?”

ಪ್ರವಾಸಿ ವಿಶೇಷ ರೈಲುಗಳಲ್ಲಿ ತಪ್ಪೇನೂ ಇಲ್ಲ. ಅವುಗಳ ದರಕ್ಕೆ ಅವು ಸರಿಯಾಗಿಯೇ ಇರುತ್ತವೆ. ತಪ್ಪಿರುವುದು ಒಂದರ ಪಟ ತೋರಿಸಿ ಇನ್ನೊಂದನ್ನು ಮಾರುವುದರಲ್ಲಿ. ಅದನ್ನು ತಡೆಯಬೇಕಾದದ್ದು ರೈಲು ಹತ್ತುವಾಗಲ್ಲ, ಮುಂಗಡ ಕೊಡುವಾಗ.

ಮೊದಲಿಗೆ ಹೆಸರು. ನಿಜವಾದ ಐಷಾರಾಮಿ ರೈಲುಗಳು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು. ಪ್ಯಾಲೇಸ್ ಆನ್ ವೀಲ್ಸ್ 1982ರ ಜನವರಿ 26ರಂದು ಶುರುವಾದದ್ದು, ರಾಜಸ್ಥಾನ ಪ್ರವಾಸೋದ್ಯಮ ನಿಗಮ ಮತ್ತು ರೈಲ್ವೆಯ ಜಂಟಿ ಕೂಸು. ಡೆಕ್ಕನ್ ಒಡಿಸ್ಸಿ ಮಹಾರಾಷ್ಟ್ರದ್ದು, 2004ರಿಂದ. ಮಹಾರಾಜಾಸ್ ಎಕ್ಸ್‌ಪ್ರೆಸ್ 2010ರಿಂದ, ರೈಲ್ವೆಯ ಪ್ರವಾಸ ಸಂಸ್ಥೆಯಾದ ಐಆರ್‌ಸಿಟಿಸಿಯದ್ದು. ನಮ್ಮದೇ ಗೋಲ್ಡನ್ ಚಾರಿಯಟ್ 2008ರಲ್ಲಿ ರಾಜ್ಯದ ಪ್ರವಾಸೋದ್ಯಮ ನಿಗಮವಾದ ಕೆಎಸ್‌ಟಿಡಿಸಿ ಶುರುಮಾಡಿದ್ದು. ನಡುವೆ ನಿಂತುಹೋಗಿ, ಈಗ ಐಆರ್‌ಸಿಟಿಸಿ ನಡೆಸುತ್ತಿದೆ. (ಅದರ ಡಬ್ಬಿಗಳಿಗೆ ರಾಜವಂಶಗಳ ಹೆಸರು. ಒಂದರ ಹೆಸರು ಕದಂಬ. ಬನವಾಸಿಯ ರಾಜರ ಹೆಸರು ಹೊತ್ತ ಡಬ್ಬಿ ಹತ್ತಬೇಕೆಂದರೆ ಶಿರಸಿಯವರು ಬೆಂಗಳೂರಿಗೆ ಹೋಗಬೇಕು, ಏನು ಮಾಡುವುದು.) ‘ರಾಯಲ್’, ‘ಮಹಾರಾಜಾ’, ‘ಪ್ಯಾಲೇಸ್’, ‘ಹೆರಿಟೇಜ್’ ಎಂಬ ಮಾತುಗಳು ಯಾರಪ್ಪನ ಆಸ್ತಿಯೂ ಅಲ್ಲ, ಯಾವ ಪೋಸ್ಟರಿಗೂ ಹಾಕಬಹುದು. ರಸೀದಿಯಲ್ಲಿ ರೈಲಿನ ಪೂರ್ತಿ ಹೆಸರು, ಆ ರೈಲಿನ ಯಾವ ಪ್ರವಾಸ, ಹೊರಡುವ ತಾರೀಕು, ಕ್ಯಾಬಿನ್ನಿನ ದರ್ಜೆ, ಈ ನಾಲ್ಕೂ ಬರೆದಿರಬೇಕು. ನಾಲ್ಕರಲ್ಲಿ ಒಂದಕ್ಕೆ “ಆಮೇಲೆ ಕಳಿಸ್ತೇನೆ” ಎಂದರೂ ಹಣವನ್ನೂ ಆಮೇಲೆಯೇ ಕಳಿಸಿ.

ಪ್ರವಾಸದ ಹೆಸರು ಯಾಕೆ ಮುಖ್ಯವೆಂದರೆ, ಒಂದೇ ರೈಲು ಬೇರೆಬೇರೆ ಸುತ್ತು ಹೊಡೆಯುತ್ತದೆ. ಮಹಾರಾಜಾಸ್ ಎಕ್ಸ್‌ಪ್ರೆಸ್ಸಿನಲ್ಲಿ 6 ರಾತ್ರಿಯ ದೊಡ್ಡ ಸುತ್ತೂ ಇದೆ, 3 ರಾತ್ರಿಯ ಗಿಡ್ಡ ಸುತ್ತೂ ಇದೆ. ಗೋಲ್ಡನ್ ಚಾರಿಯಟ್ಟಿನಲ್ಲಿ ಬಂಡೀಪುರ, ಹಳೇಬೀಡು, ಹಂಪಿ, ಗೋವಾ ತೋರಿಸುವ 5 ರಾತ್ರಿಯದ್ದೂ ಇದೆ, ಬಂಡೀಪುರ, ಮೈಸೂರು, ಹಂಪಿಗೆ ಮುಗಿಸುವ 3 ರಾತ್ರಿಯದ್ದೂ ಇದೆ. ಪಟ ದೊಡ್ಡ ಸುತ್ತಿನದ್ದು, ದರ ಗಿಡ್ಡ ಸುತ್ತಿನದ್ದು. ಇದು ಹಳೆಯ ಆಟ.

ಇನ್ನೊಂದು ಮಾತು ಪದೇಪದೇ ಕಿವಿಗೆ ಬೀಳುತ್ತದೆ: “ರಾಜರು ಕೂತ ಡಬ್ಬಿಯಲ್ಲೇ ನೀವು ಕೂರೋದು.” ಪ್ಯಾಲೇಸ್ ಆನ್ ವೀಲ್ಸ್ ಶುರುವಾದಾಗ ಸಂಸ್ಥಾನಗಳ ಹಳೆಯ ಸಲೂನು ಡಬ್ಬಿಗಳನ್ನೇ ಓಡಿಸಿದ್ದು ಹೌದು. ಅದು ಕಿರಿದಾದ ಹಳಿಯ ಮೀಟರ್‌ಗೇಜ್ ಕಾಲ. ಈಗ ಓಡುವುದು ಬ್ರಾಡ್‌ಗೇಜಿನ ಬೇರೆಯೇ ಡಬ್ಬಿಗಳು. ಸಂಸ್ಥಾನಗಳ ಹೆಸರು, ಅಲಂಕಾರ ಮಾತ್ರ ಉಳಿದಿದೆ. ಈ ಮಾತು ಹೇಳಿ ಹೆಚ್ಚು ಹಣ ಕೇಳುವವನಿಗೆ ರೈಲೂ ಗೊತ್ತಿಲ್ಲ, ರಾಜರೂ ಗೊತ್ತಿಲ್ಲ.

ಈಗ ದರ. 2024ರ ಕೊನೆಯಲ್ಲಿ ಗೋಲ್ಡನ್ ಚಾರಿಯಟ್ ಮತ್ತೆ ಹೊರಟಾಗ 5 ರಾತ್ರಿಯ ಸುತ್ತಿಗೆ ಒಬ್ಬರಿಗೆ ಸುಮಾರು 4 ಲಕ್ಷ ರೂಪಾಯಿ, ಅದರ ಮೇಲೆ 5% ಜಿಎಸ್‌ಟಿ. ಇಬ್ಬರಿಗೆಂದರೆ 8 ಲಕ್ಷ, ತೆರಿಗೆ 40 ಸಾವಿರ. ಈ ಅಂದಾಜು ತಲೆಯಲ್ಲಿದ್ದರೆ, “ಇಬ್ಬರಿಗೂ ಸೇರಿ ಮೂರೂವರೆ ಲಕ್ಷ, ಏಳು ರಾತ್ರಿ” ಎನ್ನುವವನ ಮಾತು ಕೇಳಿದ ಕೂಡಲೇ ಅನುಮಾನ ಬರುತ್ತದೆ. ನಿಜವಾದ ರಿಯಾಯಿತಿಗಳು ಇರುತ್ತವೆ, ಆದರೆ ಅವನ್ನು ರೈಲು ನಡೆಸುವವರೇ ಪ್ರಕಟಿಸುತ್ತಾರೆ. ಏಜೆಂಟಿನ ಸ್ಟೇಟಸ್ಸಿನಲ್ಲಿ ಮಾತ್ರ ಹುಟ್ಟುವುದಿಲ್ಲ.

ಪೋಸ್ಟರಿನಲ್ಲಿ ದೊಡ್ಡದಾಗಿ ಕಾಣುವ ಅಂಕಿ ಬಹಳ ಸಲ ‘ಇಬ್ಬರು ಒಂದು ಕ್ಯಾಬಿನ್ ಹಂಚಿಕೊಂಡರೆ ಒಬ್ಬರಿಗೆ’ ಎಂಬ ಲೆಕ್ಕದ್ದು. ಅದನ್ನು ಕ್ಯಾಬಿನ್ನಿನ ದರ ಎಂದು ತಿಳಿದು ಮುಂಗಡ ಕೊಟ್ಟವರು ಬಾಕಿ ಕಟ್ಟುವ ಹೊತ್ತಿಗೆ ಹೌಹಾರುತ್ತಾರೆ. ಒಬ್ಬರೇ ಹೋಗುವವರಿಗೆ ಅರ್ಧ ದರ ಎಂದೂ ಇಲ್ಲ. ಕ್ಯಾಬಿನ್ ಒಂಟಿಯಾಗಿ ಹಿಡಿದರೆ ತಲಾ ದರಕ್ಕಿಂತ ಎಷ್ಟೋ ಜಾಸ್ತಿ. ದರವನ್ನು ಡಾಲರಿನಲ್ಲಿ ಹೇಳಿದರೆ ಭಾರತೀಯರಿಗಿರುವ ರೂಪಾಯಿ ದರಪಟ್ಟಿ ಕೊಡಿ ಎಂದು ಕೇಳಿ. ಡಾಲರಿನಲ್ಲೇ ಆಗಬೇಕೆಂದರೆ ಯಾವ ದಿನದ ವಿನಿಮಯ ದರ ಎಂದು ಬರೆಸಿಕೊಳ್ಳಿ. ಮುಂಗಡದ ದಿನದ್ದೋ ಬಾಕಿಯ ದಿನದ್ದೋ ಎನ್ನುವುದರ ಮೇಲೆ ದೊಡ್ಡ ಮೊತ್ತದಲ್ಲಿ ಹತ್ತಾರು ಸಾವಿರ ಹೆಚ್ಚುಕಡಿಮೆ ಆಗುತ್ತದೆ. ಟಿಪ್ಸು, ಬಟ್ಟೆ ಒಗೆಸುವುದು, ಮಸಾಜು, ದುಬಾರಿ ಮದ್ಯ ಸಾಮಾನ್ಯವಾಗಿ ಪ್ಯಾಕೇಜಿನ ಹೊರಗೆ.

ಹಣ ಕಟ್ಟುವ ಮುಂಚೆ ಅಂಗಡಿಯ ಜಿಎಸ್‌ಟಿ ನಂಬರ್ ಕೇಳಿ. 15 ಅಕ್ಷರ-ಅಂಕಿ ಇರುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ಗೋವಾಕ್ಕೆ 30, ದೆಹಲಿಗೆ 07. ಕಾರವಾರದಲ್ಲಿ ಬೋರ್ಡು ಹಾಕಿಕೊಂಡವನ ರಸೀದಿಯಲ್ಲಿ 07 ಇದ್ದರೆ ನಿಮ್ಮ ಹಣ ಹೋಗುವುದು ದೆಹಲಿಯ ಇನ್ನಾರಿಗೋ, ಇವನು ನಡುವಿನವನು ಎಂದರ್ಥ. ಅದೇ ಮೋಸವಲ್ಲ. ಆದರೆ ಹಣ ವಾಪಸು ಕೇಳುವಾಗ ಇವನು ಅವನತ್ತ, ಅವನು ಇವನತ್ತ ಬೆರಳು ತೋರಿಸುತ್ತಾರೆ. ನಂಬರನ್ನು ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಹಾಕಿದರೆ ಯಾರ ಹೆಸರಿನದ್ದು, ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಪುಕ್ಕಟೆ ಗೊತ್ತಾಗುತ್ತದೆ. ಹಣವನ್ನು ಅಂಗಡಿಯ ಖಾತೆಗೇ ಹಾಕಿ. ಏಜೆಂಟಿನ ಹೆಂಡತಿಯ ಗೂಗಲ್ ಪೇ ನಂಬರಿಗೆ ಕಳಿಸಿದ ಮುಂಗಡವನ್ನು ಆಮೇಲೆ ಕೈಸಾಲ ಎಂದು ವಾದಿಸುತ್ತಾರೆ.

ಮುಂಗಡ ಕಟ್ಟಿದ ಮೇಲೆ ರೈಲು ನಡೆಸುವ ಸಂಸ್ಥೆಯಿಂದಲೇ ಬಂದ ಬುಕಿಂಗ್ ಖಾತ್ರಿ ಪತ್ರ ಬೇಕು. ಏಜೆಂಟ್ ತನ್ನ ಲೆಟರ್‌ಹೆಡ್ಡಿನಲ್ಲಿ ಟೈಪು ಮಾಡಿದ್ದು ನಡೆಯುವುದಿಲ್ಲ. ಆ ಪತ್ರದ ನಂಬರ್ ಹಿಡಿದು ಸಂಸ್ಥೆಯ ಅಧಿಕೃತ ಜಾಲತಾಣದಲ್ಲಿರುವ ಮಿಂಚಂಚೆಗೆ ಬರೆದು ಕೇಳಿ. ವಿಳಾಸವನ್ನು ಏಜೆಂಟಿನಿಂದ ತೆಗೆದುಕೊಳ್ಳಬೇಡಿ, ನೀವೇ ಹುಡುಕಿ. ರದ್ದತಿಯ ನಿಯಮವನ್ನೂ ಆಗಲೇ ಓದಿ. ಈ ರೈಲುಗಳಲ್ಲಿ ಹೊರಡುವ ದಿನ ಹತ್ತಿರವಾದಷ್ಟೂ ಕಡಿತ ಏರುತ್ತ ಹೋಗುತ್ತದೆ, ಕೊನೆಯ ದಿನಗಳಲ್ಲಿ ಏನೂ ಸಿಗುವುದಿಲ್ಲ. ಅದರ ಮೇಲೆ ಏಜೆಂಟಿನದೇ ‘ಸೇವಾ ಶುಲ್ಕ’ ಬೇರೆ ಇರುತ್ತದೆ.

ತಾರೀಕಿನಲ್ಲಿಯೇ ಸಿಕ್ಕಿಬೀಳುವ ಸುಳ್ಳೂ ಉಂಟು. ಈ ರೈಲುಗಳು ಓಡುವುದು ಸೆಪ್ಟೆಂಬರ್, ಅಕ್ಟೋಬರಿನಿಂದ ಏಪ್ರಿಲ್ ತನಕ. ಬಿರುಬೇಸಿಗೆ, ಮಳೆಗಾಲಗಳಲ್ಲಿ ಷೆಡ್ಡಿನಲ್ಲಿರುತ್ತವೆ. ಹಾಗಾಗಿ “ಮೇ ರಜೆಗೆ ಮಕ್ಕಳನ್ನು ಕರ್ಕೊಂಡು ರಾಜರ ರೈಲು” ಎಂದರೆ ಅದು ಬೇರೇನೋ. ಪ್ಯಾಲೇಸ್ ಆನ್ ವೀಲ್ಸ್ ದೆಹಲಿಯಿಂದ ಹೊರಡುವುದು ಬುಧವಾರ. ಬೇರೆ ವಾರ ಹೇಳಿದರೆ ನಿಲ್ಲಿಸಿ ಕೇಳಿ. ತಾಜಮಹಲಿಗೆ ಶುಕ್ರವಾರ ರಜೆ, ರಣಥಂಬೋರಿನ ಮುಖ್ಯ ಕಾಡು ಜುಲೈಯಿಂದ ಸೆಪ್ಟೆಂಬರ್ ತನಕ ಮುಚ್ಚಿರುತ್ತದೆ. ಕಾರ್ಯಕ್ರಮಪಟ್ಟಿಯಲ್ಲಿ ಶುಕ್ರವಾರದ ತಾಜಮಹಲೋ ಆಗಸ್ಟಿನ ಹುಲಿ ಸಫಾರಿಯೋ ಕಂಡರೆ ಅದನ್ನು ಬರೆದವನು ಕ್ಯಾಲೆಂಡರನ್ನೇ ನೋಡಿಲ್ಲ. ನಮ್ಮ ಘಟ್ಟದ ಮೇಲಿನವರಿಗೆ ಬೇರೆಯದೇ ಅಡಚಣೆ: ರೈಲಿನ ಒಳ್ಳೆಯ ತಿಂಗಳುಗಳೆಂದರೆ ಅಡಿಕೆ ಕೊನೆ (ಗೊನೆ) ಕೊಯ್ಲಿನ ತಿಂಗಳುಗಳೇ. ಮರ ಹತ್ತಿ ಕೊಯ್ಯುವ ಕೊನೆಗೌಡ ಸಿಗದೆ ತಾರೀಕು ಮುಂದೂಡಬೇಕಾದರೆ ಅದಕ್ಕೂ ಶುಲ್ಕ. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಫೆಬ್ರವರಿ, ಮಾರ್ಚನ್ನೂ ನೋಡಿಕೊಂಡೇ ಬುಕ್ ಮಾಡಿ.

ಹೋಗಿ ಮುಟ್ಟುವುದು ಎರಡನೇ ದೊಡ್ಡ ಗುಂಡಿ. ಕಾರವಾರದಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ನೇರ ದೆಹಲಿಯ ನಿಜಾಮುದ್ದೀನ್. ಮಧ್ಯಾಹ್ನ ಇಳಿದು ಅವತ್ತೇ ಸಂಜೆ ರಾಜರ ರೈಲು ಹತ್ತಬಹುದು ಎಂದು ಏಜೆಂಟ್ ಸಲೀಸಾಗಿ ಹೇಳುತ್ತಾನೆ, ಅವನಿಗೆ ಒಂದು ರಾತ್ರಿಯ ಹೋಟೆಲ್ ಉಳಿತಾಯ. ಡಿಸೆಂಬರ್, ಜನವರಿಯಲ್ಲಿ ಉತ್ತರದ ಮಂಜಿಗೆ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ಅಕ್ಟೋಬರಿನ ಮೊದಲರ್ಧದಲ್ಲಾದರೆ ಕೊಂಕಣ ರೈಲಿನ ಮಳೆಗಾಲದ ವೇಳಾಪಟ್ಟಿ ಇನ್ನೂ ಮುಗಿದಿರುವುದಿಲ್ಲ, ವೇಗ ಕಡಿಮೆ, ಹೊತ್ತು ಬೇರೆ. ಅದೂ ಅಲ್ಲದೆ ಪ್ಯಾಲೇಸ್ ಆನ್ ವೀಲ್ಸ್ ಹೊರಡುವುದು ನಿಜಾಮುದ್ದೀನಿನಿಂದಲೂ ಅಲ್ಲ, ನವದೆಹಲಿ ನಿಲ್ದಾಣದಿಂದಲೂ ಅಲ್ಲ, ಸಫ್ದರ್‌ಜಂಗ್ ಎಂಬ ಸಣ್ಣ ನಿಲ್ದಾಣದಿಂದ. ರೈಲು ತಪ್ಪಿದರೆ ಹಣ ವಾಪಸಿಲ್ಲ. ಮರುದಿನ ಜೈಪುರದಲ್ಲಿ ಹೋಗಿ ಕೂಡಿಕೊಳ್ಳಬೇಕು, ಖರ್ಚು ನಿಮ್ಮದೇ. ಒಂದು ದಿನ ಮುಂಚೆ ದೆಹಲಿ ಸೇರುವುದು ಸೋಮಾರಿತನವಲ್ಲ.

ವಿಮಾನವಾದರೆ ಟಿಕೆಟಿನಲ್ಲಿ ಬರೀ ‘ಗೋವಾ’ ಎಂದು ನೋಡಿ ಸುಮ್ಮನಾಗಬೇಡಿ. ಜಿಒಐ ಎಂದರೆ ದಾಬೋಳಿ, ಕಾರವಾರದವರಿಗೆ ಹತ್ತಿರ. ಜಿಒಎಕ್ಸ್ ಎಂದರೆ ಮೋಪಾ, ಪಣಜಿಯನ್ನೂ ದಾಟಿ ಉತ್ತರಕ್ಕೆ. ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿಯೇ ಲೇಸು. ಗೋಲ್ಡನ್ ಚಾರಿಯಟ್ಟಿಗೆ ಹೋಗುವ ಸಿದ್ದಾಪುರ, ಶಿರಸಿಯವರು ತಾಳಗುಪ್ಪದಲ್ಲಿ ರೈಲು ಹತ್ತಿ ಬೆಂಗಳೂರು ಸೇರಬಹುದು. ಮಳೆ ಇರುವಾಗ ದೇವಿಮನೆ, ಅರಬೈಲು ಘಟ್ಟಗಳನ್ನು ನಂಬಿ ಕೊನೆ ಗಳಿಗೆಯಲ್ಲಿ ಹೊರಡಬೇಡಿ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಬಂದದ್ದನ್ನು ಉತ್ತರ ಕನ್ನಡದವರಿಗೆ ಯಾರೂ ಹೇಳಿಕೊಡಬೇಕಿಲ್ಲ. “ಗೋವಾ ಸುತ್ತಿನ ರೈಲು ಕಾರವಾರದ ಮೇಲೇ ಹೋಗ್ತದೆ, ಅಲ್ಲೇ ಹತ್ತಿ” ಎನ್ನುವುದು ಶುದ್ಧ ಬೊಗಳೆ. ಹೊಸಪೇಟೆಯಿಂದ ಗೋವಾಕ್ಕಿರುವ ಹಳಿ ಹುಬ್ಬಳ್ಳಿ, ಲೋಂಡಾ ದಾಟಿ ಕ್ಯಾಸಲ್‌ರಾಕಿನಲ್ಲಿ ಘಟ್ಟ ಇಳಿಯುತ್ತದೆ. ಕ್ಯಾಸಲ್‌ರಾಕ್ ನಮ್ಮ ಜೋಯ್ಡಾದ್ದೇ ಹೌದು, ಆದರೆ ಪ್ರವಾಸಿಗರನ್ನು ಹತ್ತಿಸಿಕೊಳ್ಳುವ ಜಾಗವಲ್ಲ.

ನಿಜವಾದ ರೈಲೇ ಸಿಕ್ಕರೂ ಬೇಸರವಾಗುವುದು ಕೋಣೆಯ ಅಳತೆಯಲ್ಲಿ. ಮಹಾರಾಜಾಸ್ ಎಕ್ಸ್‌ಪ್ರೆಸ್ಸಿನ 43 ಕ್ಯಾಬಿನ್ನುಗಳಲ್ಲಿ 20 ಡೀಲಕ್ಸ್, 18 ಜೂನಿಯರ್ ಸೂಟ್, 4 ಸೂಟ್. ಉಳಿದ ಒಂದು ಪ್ರೆಸಿಡೆನ್ಶಿಯಲ್ ಸೂಟ್, ಅದಕ್ಕೇ ಒಂದು ಇಡೀ ಡಬ್ಬಿ. ಪೋಸ್ಟರಿಗೆ ಹಾಕುವುದು ಯಾವಾಗಲೂ ಆ ಒಂದರ ಪಟವನ್ನೇ. ಅದು 445 ಚದರ ಅಡಿ, ನಿಮಗೆ ಸಿಗುವ ಡೀಲಕ್ಸ್ 112. ನಮ್ಮ ಕಡೆಯ ಮನೆಗಳ ಬಚ್ಚಲುಮನೆ, ಹಂಡೆ ಒಲೆ ಸೇರಿ, ಹೆಚ್ಚುಕಡಿಮೆ ಅಷ್ಟಿರುತ್ತದೆ. ದೊಡ್ಡ ಸೂಟ್‌ಕೇಸು ಎರಡಿದ್ದರೆ ಕಾಲಿಡಲು ಜಾಗವಿಲ್ಲ. ಮಂಚದಡಿ ಸೇರುವ ಮೆತ್ತನೆಯ ಬ್ಯಾಗು ಒಯ್ಯಿರಿ. ಜೋಡಿ ಮಂಚವೋ ಎರಡು ಬಿಡಿ ಮಂಚವೋ ಎಂದು ಬುಕ್ ಮಾಡುವಾಗಲೇ ಬರೆಸಬೇಕು.

ರೈಲು ಹಗಲು ನಿಂತಿರುತ್ತದೆ, ರಾತ್ರಿ ಓಡುತ್ತದೆ. ಅಂದರೆ ನಿಮ್ಮ ನಿದ್ದೆಯೆಲ್ಲ ಅಲುಗಾಟದಲ್ಲೇ. ಡಬ್ಬಿಯ ಎರಡು ತುದಿಗಳ ಅಡಿಯಲ್ಲಿ ಗಾಲಿಗಳ ಜೋಡಣೆ ಇರುವುದರಿಂದ ತುದಿಯ ಕ್ಯಾಬಿನ್ನಿಗೆ ಸದ್ದು, ಕುಲುಕಾಟ ಜಾಸ್ತಿ; ನಡುವಿನದ್ದು ಕೇಳಿ. ಮಂಡಿನೋವಿನ ಹಿರಿಯರಿದ್ದರೆ ಇನ್ನೂ ಒಂದು: ದಿನವೂ ಬಸ್ಸು, ಕೋಟೆ, ಮೆಟ್ಟಿಲು. ಸಸ್ಯಾಹಾರ ಧಾರಾಳ ಸಿಗುತ್ತದೆ, ಆದರೆ ಈರುಳ್ಳಿ-ಬೆಳ್ಳುಳ್ಳಿ ಬೇಡದವರು ಬುಕಿಂಗಿನಲ್ಲೇ ಬರೆಸಿರಬೇಕು. ಹತ್ತಿದ ಮೇಲೆ ತಂಬುಳಿ ಕೇಳಿದರೆ ಯಾರಿಗೂ ಅರ್ಥವಾಗದು.

ಈಗಾಗಲೇ ಮೋಸ ಹೋಗಿದ್ದರೆ: ಹಣವನ್ನು ಆನ್‌ಲೈನಿನಲ್ಲಿ ಕಳಿಸಿ, ಆಸಾಮಿ ಫೋನ್ ಎತ್ತದಿದ್ದರೆ ಆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಖಾತೆಯಿಂದ ಹಣ ಮುಂದೆ ಸರಿಯುತ್ತದೆ. ಹೇಳಿದ್ದೊಂದು ಕೊಟ್ಟಿದ್ದೊಂದು ಎಂಬ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರಿಂದ ಬಗೆಹರಿಯದಿದ್ದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಏಜೆಂಟ್ ದೆಹಲಿಯವನಾದರೂ ಸರಿ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ರೈಲಿನೊಳಗಿನ ಡಬ್ಬಿ, ಬರ್ತು, ಸ್ನಾನದ ಗೂಡುಗಳ ಪಟಗಳನ್ನು ತಾರೀಕು ಕಾಣುವಂತೆ ತೆಗೆದಿಡಿ. ಊಟದ ಪಟ ಅಷ್ಟು ಉಪಯೋಗಕ್ಕೆ ಬಾರದು.

ಪೋಸ್ಟರನ್ನು ನೋಡಿದ ಕೂಡಲೇ ಸ್ಕ್ರೀನ್‌ಶಾಟ್ ಹೊಡೆಯಬೇಕು. ವಾಟ್ಸಾಪ್ ಸ್ಟೇಟಸ್ 24 ಗಂಟೆಗೆ ಮಾಯವಾಗುತ್ತದೆ, ಏಜೆಂಟುಗಳು ಅಲ್ಲೇ ಹಾಕುವುದು ಸುಮ್ಮನೆ ಅಲ್ಲ. ಶಿರಸಿಯ ಆ ಮನೆಯಲ್ಲಿ ಹಣ ಕಳಿಸಿದ ಮಗನ ಫೋನಿನಲ್ಲಿ ಏನೂ ಉಳಿದಿರಲಿಲ್ಲ. “ಹ್ಯಾಂಗಿದ್ದು ನೋಡು” ಎಂದು ಅವನು ತಂಗಿಗೆ ಕಳಿಸಿದ್ದ ಒಂದು ಸ್ಕ್ರೀನ್‌ಶಾಟ್ ಅವಳ ಬಳಿ ಸಿಕ್ಕಿತು. ರತ್ನಗಂಬಳಿ, ಜೋಡಿ ಮಂಚ, ಮೂಲೆಯಲ್ಲಿ ಏಜೆಂಟಿನ ನಂಬರ್. ದೂರಿನ ಜತೆ ಲಗತ್ತಿಸಿರುವುದು ಅದನ್ನೇ.