ಮೂಗಿಗೆ ಹೊಡಿಯೋ ಫ್ಲೂ ಲಸಿಕೆ, ಚಿಕ್ಕಬಳ್ಳಾಪುರದಲ್ಲಿ ಹಾಕ್ಸಿದ್ವಿ, 5ಕ್ಕೆ 4

ನಮ್ಮ ಹುಡುಗನಿಗೆ ಆರು ವರ್ಷ, ಸೂಜಿ ಕಂಡ್ರೆ ಬೀದಿಗೆಲ್ಲ ಕೇಳೋ ಹಂಗೆ ಅಳ್ತಾನೆ, ಅದಕ್ಕೆ ಈ ಸಲ ಬಿ.ಬಿ. ರಸ್ತೆ ಕಡೆ ಒಂದು ಮಕ್ಕಳ ಕ್ಲಿನಿಕ್‌ನಲ್ಲಿ ನಾಸೋವ್ಯಾಕ್-ಎಸ್ ಹಾಕ್ಸಿದ್ವಿ, ಪುಣೆ ಸೀರಮ್ ಇನ್‌ಸ್ಟಿಟ್ಯೂಟ್‌ದು. ಪುಡಿ ಬರುತ್ತೆ, ಅಲ್ಲೇ ನೀರಲ್ಲಿ ಕಲಸಿ ಒಂದೊಂದು ಹೊಳ್ಳೆಗೆ 0.25 ಎಂಎಲ್. ಸೀನಿದ ಅಷ್ಟೇ.

ಜೀವ ಇರೋ ವೈರಸ್ ಅಂತ ಕೇಳಿ ನಮ್ಮಮ್ಮ ಬೇಡವೇ ಬೇಡ ಅಂದಿದ್ರು, ನಂಗೂ ಭಯಾನೇ. ಡಾಕ್ಟರ್ ಮೇಡಂ ಕೂರಿಸ್ಕೊಂಡು ಹೇಳಿದ್ರು, 1957ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಸಿಕ್ಕ ವೈರಸ್‌ನ ಕೋಳಿಮೊಟ್ಟೇಲಿ 25 ಡಿಗ್ರಿ ತಂಪಲ್ಲಿ 17 ಸಲ ಬೆಳೆಸಿ ತಂಪಿಗೇ ಒಗ್ಗಿಸಿದಾರೆ, ಮೂಗಲ್ಲಿ 32–33 ಡಿಗ್ರಿ ಇರೋದ್ರಿಂದ ಅಲ್ಲಿ ಬೆಳಿಯುತ್ತೆ, ಒಳಗೆ ಶ್ವಾಸಕೋಶದ ಬಿಸಿಗೆ ಸೊರಗುತ್ತೆ ಅಂತ. ರೇಷ್ಮೆ ಸಾಕೋ ನಮ್ಮ ಹುಳುಮನೆ ತಂಪೇ 25! ಚಾಕಿಗೆ, ಅಂದ್ರೆ ಮರಿಹುಳಕ್ಕೆ, 27–28, ದೊಡ್ಡ ಹುಳಕ್ಕೆ 24–25, ಬಿಸಿ ಏರಿದ್ರೆ ಏನಾಗುತ್ತೆ ಅಂತ ಶಿಡ್ಲಘಟ್ಟದೋರಿಗೆ ಯಾರೂ ಹೇಳ್ಕೊಡಬೇಕಿಲ್ಲ.

ಈ ವೈರಸ್ ಮತ್ತೆ ರೋಗ ತರೋ ಹಳೇ ಗುಣಕ್ಕೆ ತಿರುಗಿಬಿಟ್ರೆ ಮೇಡಂ ಅಂದೆ. ಫ್ಲೂ ವೈರಸ್ಸಿನ ಆರ್‌ಎನ್‌ಎ, ಅಂದ್ರೆ ಅದರ ವಂಶವಾಹಿ, 8 ತುಂಡಂತೆ, 6 ಈ ತಂಪಿನ ತಳಿಯದು, ಹೊರಮೈದು 2 ಮಾತ್ರ ಈಗ ಓಡಾಡ್ತಿರೋ ತಳಿಯದು, ತಂಪಿಗೆ ಒಗ್ಗಿಸಿದ ಬದಲಾವಣೆ ಬೇರೆ ಬೇರೆ ತುಂಡಲ್ಲಿ ಹಂಚಿಹೋಗಿರೋದ್ರಿಂದ ಎಲ್ಲಾ ಒಟ್ಟಿಗೆ ವಾಪಸ್ ಆಗೋದು ತೀರಾ ಕಷ್ಟ. 1970ರ ದಶಕದಲ್ಲಿ ಆರ್‌ಎಸ್‌ವಿ ಅನ್ನೋ, ಮಕ್ಕಳ ಶ್ವಾಸಕೋಶಕ್ಕೆ ಬರೋ ಇನ್ನೊಂದು ವೈರಸ್‌ನ ಬಿಸಿ ತಡೀದ ಹಂಗೆ ಮಾಡಿದ್ದ ಒಂದು ತಳಿ ಮಕ್ಕಳ ಮೂಗಲ್ಲೇ ಹಳೇ ಗುಣಕ್ಕೆ ತಿರುಗಿತ್ತು ಅಂತಾನೂ ಮುಚ್ಚಿಡದೆ ಹೇಳಿದ್ರು, ನಂಗೆ ನಂಬಿಕೆ ಬಂದಿದ್ದೇ ಆಗ.

ಉಬ್ಬಸ ಇದೆಯಾ, ಮನೇಲಿ ಯಾರಿಗಾದ್ರೂ ರೋಗನಿರೋಧಕ ಶಕ್ತಿ ತೀರಾ ಕಮ್ಮಿ ಇದೆಯಾ ಅಂತ ಮೊದಲೇ ಕೇಳಿದ್ರು. ಲಸಿಕೆ 2ರಿಂದ 8 ಡಿಗ್ರೀಲೇ ಇರ್ಬೇಕು, ಇವರ ಫ್ರಿಜ್ ಮೇಲೆ ದಿನಾ ಬೆಳಗ್ಗೆ ಸಂಜೆ ಡಿಗ್ರಿ ಬರೆದಿರೋ ಚಾರ್ಟ್ ಇತ್ತು, ನಾನೇ ನೋಡಿದೆ. ಹೋದ್ ವರ್ಷ ಒಂದು ಮೆಡಿಕಲ್ ಶಾಪ್‌ನೋರು ಮೇ ತಿಂಗಳ ಬಿಸಿಲಲ್ಲಿ ಐಸ್ ಇಲ್ದೆ ಬರೀ ಪ್ಲಾಸ್ಟಿಕ್ ಕವರಲ್ಲಿ ಲಸಿಕೆ ಕೊಟ್ಟಿದ್ರು, ಹಾಕಿಸಕ್ಕೆ ಮನಸ್ಸೇ ಬರ್ಲಿಲ್ಲ, ದುಡ್ಡು ಹೋಯ್ತು.

ಎರಡು ದಿನ ಮೂಗು ಸೋರ್ತು, ಜ್ವರ ಬರ್ಲಿಲ್ಲ. ಒಂದೂವರೆ ಗಂಟೆ ಕಾಯ್ಸಿದ್ದಕ್ಕೆ ಒಂದು ಸ್ಟಾರ್ ಕಮ್ಮಿ. ಹೋಗೋ ಮುಂಚೆ ಫೋನ್ ಮಾಡಿ ಸ್ಟಾಕ್ ಇದೆಯಾ, ಈ ವರ್ಷದ್ದೇನಾ ಅಂತ ಕೇಳ್ಕೊಳ್ಳಿ.