ಜಿಎಸ್‌ಟಿ ನಂಬರ್ ನಿಮ್ಮದು, ಓಟಿಪಿ ಯಾರ ಫೋನಿಗೆ ಹೋಗುತ್ತಿದೆ?

ಆನ್‌ಲೈನ್‌ನಲ್ಲಿ ಸೀರೆ, ಮಸಾಲೆ ಪುಡಿ, ಗೊಂಬೆ, ಏನೇ ಮಾರುವವರಿದ್ದರೂ ದಯವಿಟ್ಟು ಇದನ್ನು ಪೂರ್ತಿ ಓದಿ. ಜಿಎಸ್‌ಟಿ ಮಾಡಿಸಿಕೊಡುತ್ತೇವೆ ಅಂತ ಬರುವ ಏಜೆಂಟರಲ್ಲಿ ಕೆಲವರು ನಿಮ್ಮ ರಿಜಿಸ್ಟ್ರೇಷನ್ನನ್ನು ತಮ್ಮ ಮೊಬೈಲ್ ನಂಬರ್, ತಮ್ಮ ಇಮೇಲ್ ಹಾಕಿ ಮುಗಿಸುತ್ತಾರೆ. ಅಲ್ಲಿಗೆ ಅಂಗಡಿ ನಿಮ್ಮದು, ಬೀಗದ ಕೀಲಿ ಅವರ ಜೇಬಿನಲ್ಲಿ. ನಮಗೆ ಆಗಿದ್ದು ಇದೇ.

ನಾನು ಮತ್ತು ನನ್ನ ಅತ್ತಿಗೆ ಹುಬ್ಬಳ್ಳಿಯಿಂದ ಇಳಕಲ್ ಸೀರೆ ಮಾರುತ್ತೇವೆ. ಮೊದಲು ವಾಟ್ಸಾಪ್ ಸ್ಟೇಟಸ್, ಆಮೇಲೆ ಇನ್‌ಸ್ಟಾಗ್ರಾಂ, ಕೊನೆಗೆ ಸ್ವಂತ ವೆಬ್‌ಸೈಟ್. ಇಳಕಲ್ ಸೀರೆಗೆ ಮಹಾರಾಷ್ಟ್ರದಲ್ಲಿ ಮೊದಲಿಂದಲೂ ಬೇಡಿಕೆ ಜಾಸ್ತಿ, ಅಲ್ವಾ? ಪುಣೆ, ಕೊಲ್ಹಾಪುರ, ಸೊಲ್ಲಾಪುರದಿಂದ ಆರ್ಡರ್ ಬರತೊಡಗಿದವು. ಪುಣೆಯ ಒಂದು ಬುಟಿಕ್‌ನವರು ಹೋಲ್‌ಸೇಲಾಗಿ ತೆಗೆದುಕೊಳ್ಳಲು ತಯಾರಾದರು, ಆದರೆ ಜಿಎಸ್‌ಟಿ ಬಿಲ್ ಬೇಕು ಅಂದರು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷದವರೆಗೆ ರಿಜಿಸ್ಟ್ರೇಷನ್ ಬೇಡ ಅನ್ನುವುದು ನಿಜ, ಆದರೆ ಅದು ರಾಜ್ಯದ ಒಳಗೇ ಮಾರುವವರ ಮಾತು. ಬೇರೆ ರಾಜ್ಯಕ್ಕೆ ಸರಕು ಕಳಿಸಿದರೆ ಆ ಮಿತಿ ಲೆಕ್ಕಕ್ಕೆ ಬರುವುದಿಲ್ಲ. ಕೈಮಗ್ಗದ ಬಟ್ಟೆ, ಕರಕುಶಲ ವಸ್ತುಗಳಿಗೆ ಒಂದು ವಿನಾಯಿತಿ ಇದೆ, 20 ಲಕ್ಷದವರೆಗೆ. ನಾವು ಪವರ್‌ಲೂಮ್ ಸೀರೆಯನ್ನೂ ಇಟ್ಟಿರುವುದರಿಂದ ಅದು ನಮಗೆ ಕೆಲಸಕ್ಕೆ ಬರಲಿಲ್ಲ.

ಹಾಗೆ ಸಿಕ್ಕವನು ಈ ಏಜೆಂಟ್. ಫೇಸ್‌ಬುಕ್ಕಿನಲ್ಲಿ ಜಾಹೀರಾತು, ತ್ರಿವರ್ಣದ ಲೋಗೋ, ಹೆಸರಿನ ಕೊನೆಗೆ 'ಕೇಂದ್ರ'. ನೋಡಿದರೆ ಸರ್ಕಾರದ್ದೇ ಅನ್ನಿಸಬೇಕು, ಹಾಗಿತ್ತು. 'ಗವರ್ನಮೆಂಟ್ ಫೀಸ್ ಸೇರಿ 1,999' ಅಂತ ಬರೆದಿದ್ದ. ಈಗಲೇ ಹೇಳಿಬಿಡುತ್ತೇನೆ, ಜಿಎಸ್‌ಟಿ ಪೋರ್ಟಲ್‌ನಲ್ಲಿ ರಿಜಿಸ್ಟ್ರೇಷನ್‌ಗೆ ಸರ್ಕಾರದ ಫೀಸ್ ಒಂದು ಪೈಸೆಯೂ ಇಲ್ಲ. ಏಜೆಂಟ್ ತನ್ನ ಕೆಲಸಕ್ಕೆ ಕೂಲಿ ಕೇಳುವುದು ತಪ್ಪಲ್ಲ. ಆದರೆ 'ಗವರ್ನಮೆಂಟ್ ಫೀಸ್' ಅಂತ ಯಾರಾದರೂ ಅಂದರೆ ಅಲ್ಲೇ ಎದ್ದು ಬನ್ನಿ.

ಪ್ಯಾನ್, ಆಧಾರ್, ಫೋಟೊ, ಬಾಡಿಗೆ ಕರಾರು, ಕರೆಂಟ್ ಬಿಲ್ ತರಿಸಿಕೊಂಡ. ಒಂದು ಮಧ್ಯಾಹ್ನ ಫೋನ್ ಮಾಡಿ, 'ಮೇಡಂ, ಆಧಾರ್ ಓಟಿಪಿ ಬಂತಲ್ಲ, ಹೇಳಿ' ಅಂದ. ಹೇಳಿದೆ. ಕೆಲವೇ ದಿನದಲ್ಲಿ ಸರ್ಟಿಫಿಕೇಟ್ ವಾಟ್ಸಾಪ್‌ಗೆ ಬಂತು. ಎಲ್ಲ ಸರಿಯಾಗಿಯೇ ಕಾಣುತ್ತಿತ್ತು.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಅರ್ಜಿಯ ಮೊದಲ ಭಾಗದಲ್ಲಿ ಪ್ಯಾನ್ ಜೊತೆ ಒಂದು ಮೊಬೈಲ್ ನಂಬರ್, ಒಂದು ಇಮೇಲ್ ಕೊಡಬೇಕು. ಎರಡಕ್ಕೂ ಬೇರೆ ಬೇರೆ ಓಟಿಪಿ ಬರುತ್ತದೆ. ಅದು ಮುಗಿದ ಮೇಲೆ ಟಿಆರ್‌ಎನ್ ಅಂತ ಒಂದು ತಾತ್ಕಾಲಿಕ ನಂಬರ್ ಸಿಗುತ್ತದೆ. ಅದನ್ನು ಹಾಕಿ ಎರಡನೇ ಭಾಗ ತುಂಬುವಾಗ ಮತ್ತೆ ಓಟಿಪಿ. ಕೊನೆಗೆ ಅರ್ಜಿಗೆ ಸಹಿ ಹಾಕುವ ಬದಲು ಇವಿಸಿ ಅನ್ನುವ ಇನ್ನೊಂದು ಕೋಡ್. ಆಧಾರ್ ಓಟಿಪಿ ಇವೆಲ್ಲಕ್ಕಿಂತ ಬೇರೆ, ಅದು ಆಧಾರ್‌ಗೆ ಜೋಡಿಸಿದ ನಂಬರಿಗೆ ಮಾತ್ರ ಹೋಗುವುದರಿಂದ ಏಜೆಂಟ್ ನಿಮ್ಮನ್ನು ಕೇಳಲೇಬೇಕು. ಅಂದರೆ ಇಡೀ ಅರ್ಜಿಗೆ ನಿಮ್ಮ ಫೋನಿಗೆ ಬಂದದ್ದು ಆಧಾರ್ ಓಟಿಪಿ ಒಂದೇ ಆಗಿದ್ದರೆ, ಉಳಿದವೆಲ್ಲ ಬೇರೆ ಯಾರದೋ ಫೋನಿಗೆ ಹೋಗಿವೆ ಅಂತಲೇ ಅರ್ಥ. ಇದನ್ನು ಅವನು ನಮಗೆ ಹೇಳಲಿಲ್ಲ, ಕೇಳಲೂ ಇಲ್ಲ. ಸರ್ಟಿಫಿಕೇಟ್‌ನಲ್ಲಿ ಹೆಸರು, ವಿಳಾಸ, ಫೋಟೊ ಎಲ್ಲ ಇರುತ್ತದೆ. ಮೊಬೈಲ್ ನಂಬರ್, ಇಮೇಲ್ ಇರುವುದಿಲ್ಲ. ಹಾಗಾಗಿ ನೋಡಿ ಕಂಡುಹಿಡಿಯುವ ದಾರಿಯೇ ಇಲ್ಲ.

ಲಾಗಿನ್ ಕೇಳಿದಾಗ 'ಅದೆಲ್ಲ ತಲೆನೋವು ನಿಮಗ್ಯಾಕೆ ಮೇಡಂ, ನಾವಿದ್ದೀವಲ್ಲ' ಅಂದ. ಇಮೇಲ್ ಅವನದ್ದಾಗಿದ್ದರೆ ಪಾಸ್‌ವರ್ಡ್ ಮರೆತಿದೆ ಅಂತ ಒತ್ತಿದರೂ ಓಟಿಪಿ ಅವನಿಗೇ ಹೋಗುತ್ತದೆ. ಇಲಾಖೆಯ ನೋಟಿಸ್ ಅವನಿಗೇ ಹೋಗುತ್ತದೆ. ಅರ್ಜಿಯ ಬಗ್ಗೆ ಅಧಿಕಾರಿ ಏನಾದರೂ ಪ್ರಶ್ನೆ ಕೇಳಿದರೂ ಅವನಿಗೇ. ಆ ಪ್ರಶ್ನೆಗೆ 7 ಕೆಲಸದ ದಿನದೊಳಗೆ ಉತ್ತರ ಕೊಡಬೇಕು, ಇಲ್ಲದಿದ್ದರೆ ಅರ್ಜಿ ತಿರಸ್ಕಾರವಾಗಬಹುದು.

ನಡುವೆ ಅವನು ಸಣ್ಣ ವ್ಯಾಪಾರಿಗಳಿಗೆ ಅಂತ ಇರುವ ಕಾಂಪೋಸಿಷನ್ ಸ್ಕೀಮ್ ಹಾಕೋಣ, ಬರೀ ಒಂದು ಪರ್ಸೆಂಟ್ ಟ್ಯಾಕ್ಸ್, ರಿಟರ್ನ್ ಕಡಿಮೆ ಅಂತಲೂ ಹೊರಟಿದ್ದ. ಅದರಲ್ಲಿ ಬೇರೆ ರಾಜ್ಯಕ್ಕೆ ಮಾರುವ ಹಾಗಿಲ್ಲ, ಗಿರಾಕಿಯಿಂದ ಟ್ಯಾಕ್ಸ್ ವಸೂಲಿ ಮಾಡುವ ಹಾಗೂ ಇಲ್ಲ. ಅತ್ತಿಗೆಯ ತಮ್ಮ ಅಕೌಂಟ್ಸ್ ಕೆಲಸದಲ್ಲಿರುವುದರಿಂದ ಅದು ಅಲ್ಲಿಗೇ ನಿಂತಿತು. ಪುಣೆಗೆ ಸೀರೆ ಕಳಿಸುವವರಿಗೆ ಕಾಂಪೋಸಿಷನ್ ಸಲಹೆ ಕೊಡುವವನಿಗೆ ಒಂದೋ ಕಾನೂನು ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಪರವಾಗಿಲ್ಲ ಅನ್ನಿಸಿದೆ.

ಆಮೇಲೆ ತಿಂಗಳ ವ್ಯವಹಾರ ಶುರುವಾಯಿತು. ನಾವು ಬಿಲ್‌ಗಳ ಎಕ್ಸೆಲ್ ಶೀಟ್ ಕಳಿಸುವುದು, ಅವನು ಇಷ್ಟು ಟ್ಯಾಕ್ಸ್ ಬರುತ್ತದೆ ಅಂತ ಒಂದು ಚಲನ್ ಪಿಡಿಎಫ್ ಕಳಿಸುವುದು. ಸೀರೆಗೆ 5 ಪರ್ಸೆಂಟ್, ಲೆಕ್ಕ ಸರಿಯಾಗಿಯೇ ಇರುತ್ತಿತ್ತು. 'ಕೊನೇ ದಿನ ಸೈಟ್ ಸ್ಲೋ ಇರುತ್ತದೆ, ನನಗೆ ಯುಪಿಐ ಮಾಡಿ, ನಾನೇ ಕಟ್ಟಿಬಿಡುತ್ತೇನೆ' ಅನ್ನುವುದು ಅವನ ಪದ್ಧತಿ. ಚಲನ್ ಅಸಲಿ ಪೋರ್ಟಲ್‌ನದ್ದೇ. ಅದರ ಮೇಲೆ ನಮ್ಮ ಜಿಎಸ್‌ಟಿಐಎನ್ ಅಂದರೆ ಜಿಎಸ್‌ಟಿ ನಂಬರ್, ನಮ್ಮ ಹೆಸರು, ಮೊತ್ತ ಎಲ್ಲ ಇತ್ತು.

ಗೊತ್ತಾಗಿದ್ದು ಪುಣೆಯವರಿಂದ. 'ತುಮಚಂ ಬಿಲ್ 2ಬಿ ಮಧ್ಯೆ ದಿಸತ್ ನಾಹಿ' ಅಂತ ಫೋನ್ ಬಂತು. ನಿಮ್ಮ ಬಿಲ್ 2ಬಿಯಲ್ಲಿ ಕಾಣುತ್ತಿಲ್ಲ, ಒಂದಲ್ಲ, ಒಂದೂ ಇಲ್ಲ ಅಂದರು. ಮಾರಿದವರು ತಮ್ಮ ಮಾರಾಟದ ಬಿಲ್‌ಗಳನ್ನು ತೋರಿಸುವ ಜಿಎಸ್‌ಟಿಆರ್-1 ರಿಟರ್ನ್ ಸಲ್ಲಿಸಿದರೆ ಮಾತ್ರ, ಕೊಂಡವರಿಗೆ ಪೋರ್ಟಲ್‌ನಲ್ಲಿ ಕಾಣುವ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಆ ಬಿಲ್ ಬರುತ್ತದೆ. ಬಂದರೆ ಮಾತ್ರ ಅವರಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ನಮಗೆ ಕೊಟ್ಟ ಟ್ಯಾಕ್ಸನ್ನು ತಾವು ಕಟ್ಟುವ ಟ್ಯಾಕ್ಸ್‌ನಲ್ಲಿ ಕಳೆದುಕೊಳ್ಳುವ ಅವಕಾಶ. ಅವರು ಬಾಕಿ ಹಣ ತಡೆಹಿಡಿದರು, ತಡೆಹಿಡಿದದ್ದು ಸರಿಯೇ.

ಏಜೆಂಟ್‌ಗೆ ಕೇಳಿದರೆ 'ಸರ್ವರ್ ಪ್ರಾಬ್ಲಂ'. ಅತ್ತಿಗೆಯ ತಮ್ಮ ಪೋರ್ಟಲ್ ತೆರೆದು, ಲಾಗಿನ್ ಏನೂ ಇಲ್ಲದೆ, ಸರ್ಚ್ ಟ್ಯಾಕ್ಸ್‌ಪೇಯರ್ ಅನ್ನುವ ಕಡೆ ನಮ್ಮ ಜಿಎಸ್‌ಟಿಐಎನ್ ಹಾಕಿದ. ಇದನ್ನು ಯಾರು ಬೇಕಾದರೂ ಮಾಡಬಹುದು. ಕೆಳಗೆ ಫೈಲಿಂಗ್ ಟೇಬಲ್ ಅಂತ ಒಂದು ಬಟನ್ ಇದೆ, ಯಾವ ತಿಂಗಳ ಯಾವ ರಿಟರ್ನ್ ಯಾವ ದಿನ ಸಲ್ಲಿಕೆಯಾಗಿದೆ ಅಂತ ತೋರಿಸುತ್ತದೆ. ನಮ್ಮದು ಖಾಲಿ. ಮೇಲೆ ಸ್ಟೇಟಸ್ 'ಸಸ್ಪೆಂಡೆಡ್'. ಸತತ ಆರು ತಿಂಗಳು ರಿಟರ್ನ್ ಕೊಡದಿದ್ದರೆ ರಿಜಿಸ್ಟ್ರೇಷನ್ ರದ್ದು ಮಾಡಲು ನೋಟಿಸ್ ಕೊಡುತ್ತಾರೆ, ಅದು ತೀರ್ಮಾನವಾಗುವವರೆಗೆ ಅಮಾನತು. ಅಮಾನತಿನಲ್ಲಿರುವಾಗ ಟ್ಯಾಕ್ಸ್ ಹಾಕಿ ಬಿಲ್ ಮಾಡುವ ಹಾಗಿಲ್ಲ. ದಸರಾ ಹತ್ತಿರ ಬಂದಿತ್ತು, ಸೀರೆ ವ್ಯಾಪಾರಕ್ಕೆ ಅದಕ್ಕಿಂತ ಒಳ್ಳೆಯ ಕಾಲ ಯಾವುದು ಹೇಳಿ.

ಹಾಗಾದರೆ ಆ ಚಲನ್‌ಗಳು? ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು ತಂದ ವಿಷಯ. ಚಲನ್ ತಯಾರಿಸುವುದು ಬೇರೆ, ಕಟ್ಟುವುದು ಬೇರೆ. ಚಲನ್ ತಯಾರಾದಾಗ ಸಿಪಿಐಎನ್ ಅಂತ 14 ಅಂಕಿಯ ನಂಬರ್ ಬರುತ್ತದೆ. ಬ್ಯಾಂಕಿಗೆ ಹಣ ಹೋದ ಮೇಲೆ ಅದಕ್ಕೆ ಬ್ಯಾಂಕಿನ 3 ಅಂಕಿಯ ಕೋಡ್ ಸೇರಿ 17 ಅಂಕಿಯ ಸಿಐಎನ್ ಆಗುತ್ತದೆ. ಅವನು ಕಳಿಸಿದ ಅಷ್ಟೂ ಪಿಡಿಎಫ್‌ನಲ್ಲಿ ಇದ್ದದ್ದು ಬರೀ ಸಿಪಿಐಎನ್. ಅಂದರೆ ಸುಮ್ನೆ ತಯಾರಿಸಿದ ಚಲನ್, ಹಣ ಕಟ್ಟಿಲ್ಲ. ಚಲನ್ ತಯಾರಿಸಲು ಲಾಗಿನ್ ಕೂಡ ಬೇಡ. ಪೋರ್ಟಲ್‌ನಲ್ಲಿ ಟ್ರ್ಯಾಕ್ ಪೇಮೆಂಟ್ ಸ್ಟೇಟಸ್ ಅಂತ ಇದೆ, ಅಲ್ಲಿ ಜಿಎಸ್‌ಟಿಐಎನ್ ಮತ್ತು ಸಿಪಿಐಎನ್ ಹಾಕಿದರೆ ಕಟ್ಟಿದೆಯೋ ಇಲ್ಲವೋ ಗೊತ್ತಾಗುತ್ತದೆ. ನಮ್ಮ ಹಣವೆಲ್ಲ ಅವನ ಖಾತೆಯಲ್ಲೇ ಕರಗಿತ್ತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟಿದ್ದೇವೆ. ಹಣ ಇನ್ನೂ ಬಂದಿಲ್ಲ. ಟ್ಯಾಕ್ಸ್ ಕಟ್ಟುವುದಿದ್ದರೆ ಚಲನ್ ತರಿಸಿಕೊಂಡು ನಿಮ್ಮದೇ ನೆಟ್ ಬ್ಯಾಂಕಿಂಗ್‌ನಿಂದ ಕಟ್ಟಿ. ಏಜೆಂಟ್ ದೇವರಂಥ ಮನುಷ್ಯನಾದರೂ ಅವನ ಯುಪಿಐಗೆ ಬೇಡ.

ಲಾಗಿನ್ ವಾಪಸ್ ಪಡೆಯುವುದು ಹೇಗೆ ಅಂತ ತುಂಬ ಜನ ಕೇಳುತ್ತಾರೆ. ಅವನ ಕಾಲು ಹಿಡಿಯಬೇಕಾಗಿಲ್ಲ, ಅವನು ಕೇಳುವ 'ಹ್ಯಾಂಡೋವರ್ ಚಾರ್ಜ್' ಕೊಡಬೇಕಾಗಿಯೂ ಇಲ್ಲ. ಮಧ್ಯವರ್ತಿಗಳು ತಮ್ಮ ನಂಬರ್ ಹಾಕಿ ಮೋಸ ಮಾಡುವುದು ಎಷ್ಟು ಮಾಮೂಲಿ ಅಂದರೆ, 2018ರಲ್ಲೇ ಕೇಂದ್ರ ಸರ್ಕಾರ ಇದಕ್ಕೆಂದೇ ಒಂದು ಕ್ರಮ ಪ್ರಕಟಿಸಿದೆ. ಮೊದಲು ಸರ್ಚ್ ಟ್ಯಾಕ್ಸ್‌ಪೇಯರ್‌ನಲ್ಲೇ ನಿಮ್ಮ ಜಿಎಸ್‌ಟಿಐಎನ್ ಯಾವ ಕಚೇರಿಗೆ ಸೇರಿದೆ, ರಾಜ್ಯದ್ದೋ ಕೇಂದ್ರದ್ದೋ ನೋಡಿಕೊಳ್ಳಿ. ನಮ್ಮದು ರಾಜ್ಯದ್ದು, ಎಲ್‌ಜಿಎಸ್‌ಟಿಒ ಅನ್ನುತ್ತಾರಲ್ಲ, ಸ್ಥಳೀಯ ಜಿಎಸ್‌ಟಿ ಕಚೇರಿ, ಅದು. ಅಲ್ಲಿಗೆ ಪ್ಯಾನ್, ಆಧಾರ್, ಸರ್ಟಿಫಿಕೇಟ್, ಕರೆಂಟ್ ಬಿಲ್, ಬಾಡಿಗೆ ಕರಾರು, ಒಂದು ಅರ್ಜಿ, ಎಲ್ಲದರ ಅಸಲು ಮತ್ತು ಪ್ರತಿ ತೆಗೆದುಕೊಂಡು ಹೋಗಬೇಕು. ನೀವೇ ಮಾಲೀಕರು ಅಂತ ಖಾತ್ರಿಯಾದರೆ ಅಧಿಕಾರಿ ಹೊಸ ಮೊಬೈಲ್, ಇಮೇಲ್ ದಾಖಲಿಸುತ್ತಾರೆ. ಪೋರ್ಟಲ್ ಆ ಇಮೇಲ್‌ಗೆ ಯೂಸರ್ ನೇಮ್, ತಾತ್ಕಾಲಿಕ ಪಾಸ್‌ವರ್ಡ್ ಕಳಿಸುತ್ತದೆ. ಕೌಂಟರಿನ ಗುಮಾಸ್ತರು ನಮ್ಮ ಕಥೆ ಕೇಳಿ ತಲೆ ಎತ್ತಲೂ ಇಲ್ಲ. 'ಏಜೆಂಟ್ ನಂಬರಾ?' ಅಂದರು, ಅಷ್ಟೆ. ಎಷ್ಟು ಜನ ಬಂದಿರಬೇಕು ನೋಡಿ.

ಲಾಗಿನ್ ಇನ್ನೂ ನಿಮ್ಮ ಕೈಯಲ್ಲಿದ್ದು ನಂಬರ್ ಮಾತ್ರ ಅವನದ್ದಿದ್ದರೆ ಕಚೇರಿಗೂ ಹೋಗಬೇಕಾಗಿಲ್ಲ. ಒಳಗೆ ಹೋಗಿ ತಿದ್ದುಪಡಿಯಲ್ಲಿ ನಿಮ್ಮ ನಂಬರ್ ಹಾಕಿ, ಓಟಿಪಿ ಕೊಟ್ಟರೆ ಬದಲಾಗುತ್ತದೆ. ಇವತ್ತೇ ಮಾಡಿ, ಅವನಿಗೆ ಹೇಳುವುದು ಆಮೇಲೆ.

ನಮಗೆ ಬಿದ್ದ ಖರ್ಚು ಹೀಗೆ. ಬಾಕಿ ಟ್ಯಾಕ್ಸ್ ಎರಡನೇ ಸಲ ಕಟ್ಟಬೇಕಾಯಿತು, ವರ್ಷಕ್ಕೆ 18 ಪರ್ಸೆಂಟ್ ಬಡ್ಡಿ ಸೇರಿಸಿ. ಮೇಲೆ ಟ್ಯಾಕ್ಸ್ ಕಟ್ಟುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ತಡವಾದದ್ದಕ್ಕೆ ದಿನಕ್ಕೆ 50 ರೂಪಾಯಿ. ಒಂದೂವರೆ ಕೋಟಿಯೊಳಗಿನ ವಹಿವಾಟಿಗೆ ಒಂದೊಂದು ರಿಟರ್ನ್‌ಗೆ ಗರಿಷ್ಠ 2,000 ಅಂತ ಮಿತಿ ಇರುವುದರಿಂದ ಬಚಾವ್. ವ್ಯಾಪಾರವೇ ಇಲ್ಲದ ತಿಂಗಳಿಗೂ ನಿಲ್ ರಿಟರ್ನ್ ಕೊಡಲೇಬೇಕು, ತಪ್ಪಿದರೆ ದಿನಕ್ಕೆ 20, ಗರಿಷ್ಠ 500. ನಿಲ್ ರಿಟರ್ನ್ 14409ಕ್ಕೆ ಎಸ್‌ಎಂಎಸ್ ಕಳಿಸಿಯೂ ಕೊಡಬಹುದು, ಇದಕ್ಕೂ ತಿಂಗಳಿಗೆ 500 ಕೀಳುವ ಏಜೆಂಟರಿದ್ದಾರೆ. ಬಾಕಿ ಎಲ್ಲ ಸಲ್ಲಿಸಿ ನೋಟಿಸ್‌ಗೆ ಉತ್ತರ ಕೊಟ್ಟ ಮೇಲೆ ಅಮಾನತು ತೆಗೆದರು. ರದ್ದೇ ಆಗಿದ್ದರೆ 90 ದಿನದೊಳಗೆ ಬೇರೆ ಅರ್ಜಿ ಹಾಕಬೇಕಿತ್ತು, ಅಷ್ಟರ ಮಟ್ಟಿಗೆ ನಮ್ಮ ಅದೃಷ್ಟ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಬೇಕರಿ, ಕಾಂಡಿಮೆಂಟ್ಸ್, ಸಣ್ಣ ಅಂಗಡಿಗಳಿಗೆಲ್ಲ ನೋಟಿಸ್ ಕೊಟ್ಟಿದ್ದು, ಬೆಂಗಳೂರಿನಲ್ಲಿ 'ಕ್ಯಾಶ್ ಮಾತ್ರ' ಬೋರ್ಡ್ ಬಿದ್ದಿದ್ದು ನೆನಪಿರಬೇಕಲ್ಲ. ಆಗಿನಿಂದ ಮನೆಯಲ್ಲಿ ಚಟ್ನಿಪುಡಿ ಮಾಡಿ ಮಾರುವವರೂ ಹೆದರಿದ್ದಾರೆ, ಹೆದರಿದವರ ಹಿಂದೆ ಏಜೆಂಟರು ಬಿದ್ದಿದ್ದಾರೆ. ಬೇಡದವರಿಗೂ ಜಿಎಸ್‌ಟಿ ಮಾಡಿಸುತ್ತಿದ್ದಾರೆ. ನೀವು ಸರಕನ್ನು ಕರ್ನಾಟಕದೊಳಗೆ ಮಾತ್ರ ಮಾರುತ್ತಿದ್ದು, ವಹಿವಾಟು 40 ಲಕ್ಷದೊಳಗಿದ್ದರೆ, ಸ್ವಂತ ವೆಬ್‌ಸೈಟ್ ಇದೆ ಅನ್ನುವ ಒಂದೇ ಕಾರಣಕ್ಕೆ ರಿಜಿಸ್ಟ್ರೇಷನ್ ಬೇಕಾಗಿಲ್ಲ. ದೊಡ್ಡ ಮಾರ್ಕೆಟ್‌ಪ್ಲೇಸ್‌ಗಳ ಮೂಲಕ ಮಾರುವವರಿಗೆ ಮೊದಲು ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ ಅದರಲ್ಲೂ ರಾಜ್ಯದೊಳಗಿನ ಸಣ್ಣ ಮಾರಾಟಗಾರರಿಗೆ ಸಡಿಲಿಸಿದ್ದಾರೆ, ಪೋರ್ಟಲ್‌ನಲ್ಲಿ ಪ್ಯಾನ್ ಕೊಟ್ಟು ಎನ್‌ರೋಲ್‌ಮೆಂಟ್ ನಂಬರ್ ತೆಗೆದುಕೊಂಡರೆ ಸಾಕು. ಏಜೆಂಟರ ಬಾಯಲ್ಲಿ ಈ ಮಾತು ನಾನಂತೂ ಕೇಳಿಲ್ಲ.

ಇನ್ನೊಂದು. ನಿಮ್ಮ ಪ್ಯಾನ್, ಆಧಾರ್, ಕರೆಂಟ್ ಬಿಲ್ ಯಾರದೋ ಲ್ಯಾಪ್‌ಟಾಪ್‌ನಲ್ಲಿ ಬಿದ್ದಿದ್ದರೆ ಪೋರ್ಟಲ್‌ನಲ್ಲಿ ಸರ್ಚ್ ಬೈ ಪ್ಯಾನ್ ಅಂತ ಇರುವ ಕಡೆ ಆಗಾಗ ನಿಮ್ಮ ಪ್ಯಾನ್ ಹಾಕಿ ನೋಡುತ್ತಿರಿ. ಆ ಪ್ಯಾನ್ ಮೇಲೆ ಇಡೀ ದೇಶದಲ್ಲಿ ಎಷ್ಟು ಜಿಎಸ್‌ಟಿ ನಂಬರ್ ಇವೆ ಅಂತ ಬರುತ್ತದೆ. ಬೇರೆಯವರ ಪ್ಯಾನ್ ಹಾಕಿ ಬೋಗಸ್ ಕಂಪನಿ ತೆಗೆದು ಸುಳ್ಳು ಬಿಲ್ ಮಾಡುವ ದಂಧೆ ದೊಡ್ಡದಾಗಿದೆ. ನಮ್ಮದು ಒಂದೇ ಇತ್ತು, ಸದ್ಯ. ಗೊತ್ತಿಲ್ಲದ ನಂಬರ್ ಕಂಡರೆ ಜಿಎಸ್‌ಟಿ ಹೆಲ್ಪ್‌ಡೆಸ್ಕ್ 1800-103-4786, ಜೊತೆಗೆ ಪೊಲೀಸ್ ದೂರು, ಎರಡೂ ಮಾಡಿ.

ಎಲ್ಲ ಮುಗಿದು ಸುಮಾರು ದಿನವಾದ ಮೇಲೆ ಹೊಸ ನಂಬರೊಂದರಿಂದ ಮೆಸೇಜ್ ಬಂತು. ಅದೇ ತ್ರಿವರ್ಣದ ಲೋಗೋ. 'ನಿಮ್ಮ ಜಿಎಸ್‌ಟಿ ರಿನ್ಯೂವಲ್ ಹತ್ತಿರ ಬಂದಿದೆ, 2,499 ಕಟ್ಟಿ.' ಜಿಎಸ್‌ಟಿಗೆ ರಿನ್ಯೂವಲ್ ಅನ್ನುವುದೇ ಇಲ್ಲ, ನಮ್ಮಂಥ ರೆಗ್ಯುಲರ್ ರಿಜಿಸ್ಟ್ರೇಷನ್‌ಗಂತೂ ಇಲ್ಲವೇ ಇಲ್ಲ. ಸರ್ಟಿಫಿಕೇಟ್ ತೆಗೆದು ನೋಡಿ, ಅವಧಿ ಎಲ್ಲಿಯವರೆಗೆ ಅನ್ನುವ ಕಡೆ 'ನಾಟ್ ಅಪ್ಲಿಕಬಲ್' ಅಂತ ಅಚ್ಚಾಗಿರುತ್ತದೆ. ನಾನು ಅದರ ಫೋಟೊ ತೆಗೆದು ಅವನಿಗೇ ಕಳಿಸಿದೆ. ನೋಡಿ ಬ್ಲಾಕ್ ಮಾಡಿದ.